ಮಗನ ಮುಖ ನೋಡಿ ಕೊಟ್ಟ ಉತ್ತರ

ಮರೆವಿನ ತೊಂದರೆಯೆಂದು ಬಂದಿದ್ದ ಹಿರಿಯರೊಬ್ಬರಿಗೆ ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದೆ. ‘ತೊಂಬತ್ತಮೂರು’ ಎಂದರು. ಮುಂದಿನದಕ್ಕೆ ಪಕ್ಕದಲ್ಲಿದ್ದ ಮಗನ ಮುಖ ನೋಡಿದರು. ಮಗನ ತುಟಿ ತುಸು ಅಲುಗಿತು. ‘ಎಂಬತ್ತಾರು.’ ಆಮೇಲೆ ತಡವರಿಸಿದರು. ‘ಏನಪ್ಪಾ, ಇಷ್ಟೂ ಬರಲ್ವಾ?’ ಎಂದು ಮಗ ಅಂದಿದ್ದೇ ತಡ, ಕೈಕಟ್ಟಿ ಕೂತುಬಿಟ್ಟರು. ನೆನಪು, ಗಮನಗಳನ್ನು ಅಳೆಯುವ 30 ಅಂಕಗಳ ಆ ಪರೀಕ್ಷೆಯನ್ನು ಅಲ್ಲಿಗೇ ಬಿಟ್ಟು, ಇನ್ನೊಂದು ದಿನ ಅವರೊಬ್ಬರನ್ನೇ ಕೂರಿಸಿಕೊಂಡು ಮೊದಲಿಂದ ಮಾಡಿದೆ.

ಇಂಥ ಪರೀಕ್ಷೆಗಳಲ್ಲಿ ಮೂರನೆಯವರನ್ನು ಆದಷ್ಟು ದೂರವಿಡಬೇಕೆಂದು ಅಮೆರಿಕದ ರಾಷ್ಟ್ರೀಯ ನರಮನೋವಿಜ್ಞಾನ (ಮಿದುಳಿಗೂ ನೆನಪು, ನಡವಳಿಕೆಗಳಿಗೂ ಇರುವ ನಂಟಿನ ಅಧ್ಯಯನ) ಅಕಾಡೆಮಿ 2000ದಲ್ಲೇ ಹೇಳಿದೆ. ಓದಿ ತಿಳಿದಿದ್ದೆ, ಮನಸ್ಸಿಗೆ ನಾಟಿದ್ದು ಆ ಕಟ್ಟಿದ ಕೈಗಳನ್ನು ನೋಡಿದ ಮೇಲೆ.

ಹಾಗೆಂದು ಮನೆಯವರು ಬೇಡವೆನ್ನಲಾರೆ. ರಾತ್ರಿ ಎದ್ದು ಓಡಾಡಿದ್ದು, ಜಾರಿ ಬಿದ್ದದ್ದು ಗೊತ್ತಾಗುವುದೇ ಅವರಿಂದ. ಅದಕ್ಕೇ ಮೊದಲು ಎಲ್ಲರ ಮಾತೂ ಕೇಳುತ್ತೇನೆ. ಆಮೇಲೆ, ‘ಪರೀಕ್ಷೆ ಮಾಡುವಾಗ ಜೊತೆಯವರು ಹೊರಗಿರುವುದು ನಮ್ಮಲ್ಲಿ ಪದ್ಧತಿ’ ಎನ್ನುತ್ತೇನೆ. ಪದ್ಧತಿ ಎಂದರೆ ಯಾರಿಗೂ ಮುಜುಗರವಿಲ್ಲ. ‘ನೀವು ಹೊರಗಿರಿ’ ಎಂದು ಗಂಡನಿಗೋ ಅತ್ತೆಗೋ ಹೇಳುವ ಕಷ್ಟ ರೋಗಿಗೆ ಬರುವುದಿಲ್ಲ. ಬಿ.ಪಿ. ಏಕೆ ಇಳಿಯುತ್ತಿಲ್ಲವೆಂದು ಗಂಡನೇ ವಿವರಿಸುತ್ತಿದ್ದ ಒಬ್ಬಾಕೆ, ಬಾಗಿಲು ಮುಚ್ಚಿದ ಮೇಲೆ ಮೆಲ್ಲಗೆ ಹೇಳಿದರು: ‘ಮಾತ್ರೆ ನಿಲ್ಲಿಸಿ ಎರಡು ತಿಂಗಳಾಯ್ತು ಡಾಕ್ಟ್ರೇ. ತಲೆ ಸುತ್ತುತ್ತೆ ಅಂದ್ರೆ ಮನೇಲಿ ಬೈತಾರೆ.’ ಡೋಸ್ ಹೆಚ್ಚಿಸಲು ನಾನು ಪೆನ್ ಎತ್ತಿಕೊಂಡಾಗಿತ್ತು. ಮಾತ್ರೆ ಬದಲಿಸಿದೆ. ಗಂಡನನ್ನು ಒಳಗೆ ಕರೆದಾಗ ‘ಬೇರೆ ಮಾತ್ರೆ ಕೊಟ್ಟಿದ್ದೇನೆ’ ಎಂದಷ್ಟೇ ಹೇಳಿದೆ. ಒಬ್ಬರೇ ಇದ್ದಾಗ ಹೇಳಿದ್ದು ಬಾಗಿಲು ತೆರೆದ ಕೂಡಲೇ ನನ್ನ ಬಾಯಿಂದ ಹೊರಬಿದ್ದರೆ, ಮುಂದಿನ ಸಲ ಆಕೆ ಏಕೆ ಹೇಳಬೇಕು?

ಕಲಿಯುವ ವಿದ್ಯಾರ್ಥಿಗಳ ವಿಷಯದಲ್ಲಿ ನನ್ನದೇ ತಪ್ಪಿತ್ತು. ಅವರಿದ್ದರೆ ನಾನು ರೋಗಿಯನ್ನು ಬಿಟ್ಟು ಅವರ ಕಡೆ ತಿರುಗಿ, ಕಾಯಿಲೆಯ ಹೆಸರುಗಳಲ್ಲಿ ಮಾತಾಡುತ್ತಿದ್ದೆ. ಈಗ ಪಾಠವೆಲ್ಲ ರೋಗಿ ಹೋದ ಮೇಲೆ. ವಿದ್ಯಾರ್ಥಿಗಳು ಪಕ್ಕಕ್ಕೆ, ರೋಗಿಗೆ ಕಾಣುವಂತೆ ಕೂರುತ್ತಾರೆ. ಬೆನ್ನ ಹಿಂದೆ ಯಾರೋ ಇದ್ದಾರೆಂಬುದು ಇನ್ನೂ ಕೆಟ್ಟದ್ದು. ‘ಇವರು ಇದ್ದರೆ ಪರವಾಗಿಲ್ಲವಾ?’ ಎಂದು ಮೊದಲೆಲ್ಲ ರೋಗಿಯನ್ನು ವಿದ್ಯಾರ್ಥಿಗಳೆದುರೇ ಕೇಳುತ್ತಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದರು, ನಾನು ಒಪ್ಪಿಗೆ ಎಂದುಕೊಳ್ಳುತ್ತಿದ್ದೆ. ಈಗ ರೋಗಿ ಒಳಗೆ ಬರುವ ಮೊದಲೇ ಹೊರಗೆ ನರ್ಸ್ ಕೇಳುತ್ತಾರೆ. ಹಾಗೆ ಕೇಳಲು ಶುರುಮಾಡಿದ ಮೊದಲ ವಾರವೇ ಇಬ್ಬರು ಬೇಡವೆಂದರು. ಅವರಲ್ಲೊಬ್ಬರು ಹಿಂದೆ ಮೂರು ಸಲ ನನ್ನೆದುರು ತಲೆಯಾಡಿಸಿದ್ದವರು.