ಮಳೆಗಾಲದಲ್ಲಿ ಬಟ್ಟೆ ಒಣಗಬೇಕಂದ್ರೆ ಮೊದ್ಲು ಗಾಳೀಲಿ ಜಾಗ ಇದ್ಯಾ ನೋಡಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಜೂನ್ ಬಂತಂದ್ರೆ ಎಲ್ಲರ ಮನೇಲೂ ಒಂದೇ ಗೋಳು, ಬಟ್ಟೆ ಒಣಗಲ್ಲ, ಕಪಾಟು ತೆಗೆದ್ರೆ ಮುಗ್ಗುಲು ವಾಸನೆ, ಚಪ್ಪಲಿಗೆಲ್ಲ ಬೂಷ್ಟು. ಮಳೆ ಎರಚಲು ಬರುತ್ತೆ ಅಂತ ಕಿಟಕಿ ಬಾಗ್ಲು ಹಾಕಿ ಒಳಗೇ ಹಗ್ಗ ಕಟ್ಟಿ ಫ್ಯಾನ್ ಬಿಡ್ತೀವಲ್ಲ, ಎಡವಟ್ಟು ಆಗೋದು ಅಲ್ಲೇ.

ಲೆಕ್ಕ ಹಾಕಿ ನೋಡಿ. ಉದ್ದ ಅಗಲ ಎತ್ತರ ಎಲ್ಲ 10 ಅಡಿ ಇರೋ ರೂಮಲ್ಲಿ ಸುಮಾರು 28 ಘನ ಮೀಟರ್ ಗಾಳಿ. 27 ಡಿಗ್ರಿ ಸೆಕೇಲಿ ಒಂದು ಘನ ಮೀಟರಿಗೆ ಹೆಚ್ಚಂದ್ರೆ 26 ಗ್ರಾಂ ನೀರಾವಿ ಹಿಡಿಯುತ್ತೆ. ತೇವಾಂಶ ಆಗ್ಲೇ 85 ಪರ್ಸೆಂಟ್ ಇದ್ರೆ, ಅಂದ್ರೆ ಹಿಡಿಯೋದ್ರಲ್ಲಿ ಅಷ್ಟು ಪಾಲು ತುಂಬಿದ್ರೆ, ಇಡೀ ರೂಮಲ್ಲಿ ಉಳಿದ ಜಾಗ ಬರೀ 110 ಗ್ರಾಮಿನಷ್ಟು. ಒಂದು ಕೆಜಿ ಬಟ್ಟೇಲಿ ಮಷೀನಲ್ಲಿ ಸ್ಪಿನ್ ಆದ್ಮೇಲೂ ಹತ್ರಹತ್ರ ಅರ್ಧ ಲೀಟರ್ ನೀರಿರುತ್ತೆ, ಪಾಪ ಅದಾದ್ರೂ ಎಲ್ಲಿಗೆ ಹೋಗ್ಬೇಕು? ಸ್ವಲ್ಪ ಗೋಡೆಗೆ, ಸ್ವಲ್ಪ ಹಾಸಿಗೆಗೆ, ಉಳಿದಿದ್ದು ಬಟ್ಟೇಲೇ. ಫ್ಯಾನ್ ಚಂಡಿ ಬಟ್ಟೆ ಪಕ್ಕದ ಗಾಳೀನ ಆಕಡೆ ತಳ್ಳುತ್ತೆ ಅಷ್ಟೇ, ರೂಮಿಂದ ಹೊರಗೆ ಹಾಕಲ್ಲ.

ಹಂಗಾಗಿ ಮಳೆ ಬರದ ಕಡೆಯ ಒಂದು ಕಿಟಕಿ, ಅದಕ್ಕೆ ಎದುರಿನ ಬಾಗ್ಲು, ಎರಡೂ ತೆಗ್ದಿಟ್ಟು ಮಧ್ಯ ಬಟ್ಟೆ ಹಾಕಿ, ಫ್ಯಾನ್ ಮುಖ ಹೊರಗಡೆಗೆ ಇರ್ಲಿ. ಹೊರಗಿನ ಗಾಳೀಲೂ 90 ಪರ್ಸೆಂಟ್ ಇರ್ಬಹುದು, ಆದ್ರೂ ಹೊಸ ಗಾಳಿ ಬರ್ತಾ ಇದ್ರೆ ಪ್ರತಿ ಸಲ ಒಂಚೂರು ನೀರು ಹೊತ್ಕೊಂಡು ಹೋಗುತ್ತೆ.

ಇನ್ನೊಂದು ದಾರಿ ಬಿಸಿ. ಅದೇ 27 ಡಿಗ್ರಿ, 85 ಪರ್ಸೆಂಟಿನ ಗಾಳೀನ 35 ಡಿಗ್ರಿಗೆ ಏರಿಸಿದ್ರೆ ತೇವಾಂಶ 54ಕ್ಕೆ ಇಳಿಯುತ್ತೆ, ನೀರು ಒಂದು ಹನಿನೂ ಕಮ್ಮಿ ಆಗಿರಲ್ಲ, ಜಾಗ ಜಾಸ್ತಿ ಆಗಿರುತ್ತೆ. ಸಿರ್ಸಿ ಕಡೆ ಹಳ್ಳಿಮನೇಲಿ ಬಚ್ಚಲ ಒಲೆ ಮೇಲೆ ಬಟ್ಟೆ ಹಾಕೋದು ಇದಕ್ಕೇ (ಹೊಗೆ ವಾಸನೆ ಬರುತ್ತೆ, ಆಫೀಸ್ ಶರ್ಟ್ ಮಾತ್ರ ಹಾಕ್ಬೇಡಿ). ಅಲ್ಲೇ ಚಳಿಗಾಲದಲ್ಲಿ ಬೆಳಿಗ್ಗೆ 15 ಡಿಗ್ರಿಲಿ ಮಂಜು ಮುಸುಕಿ ನೂರು ಪರ್ಸೆಂಟ್ ಇರೋ ಗಾಳಿ ಮಧ್ಯಾಹ್ನ 29 ಡಿಗ್ರಿ ಆದ್ರೆ 43ಕ್ಕೆ ಬಂದಿರುತ್ತೆ, ಕಂಬಳಿ ಬಿಸಿಲಿಗೆ ಹಾಕೋದಿದ್ರೆ ಆವಾಗ ಹಾಕಿ, ಇಬ್ಬನಿ ಬೀಳೋ ಮುಂಚೆ ಒಳಗೆ ತಗೊಳ್ಳಿ.

ಪರ್ಸೆಂಟ್ ತೋರ್ಸೋ ಸಣ್ಣ ಡಿಜಿಟಲ್ ಮೀಟರ್ ತಗೊಂಡ್ರೆ ಕಣ್ಮುಚ್ಚಿ ನಂಬ್ಬೇಡಿ. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಕರಗಬಾರದು, ಕೆಸರಿನ ಥರ ಆಗೋಷ್ಟು ನೀರು ಹನಿಸಿ, ಮೀಟರ್ ಜೊತೆ ಗಾಳಿಯಾಡದ ಡಬ್ಬೀಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ 75 ತೋರಿಸ್ಬೇಕು. 80 ತೋರಿಸಿದ್ರೆ ಮುಂದೆ ಆ ಆಸುಪಾಸಿನಲ್ಲಿ ಏನೇ ತೋರಿಸಿದ್ರೂ 5 ಕಳೀರಿ. ಅಡುಗೆಮನೇಲಿ ಪುಡಿ ಉಪ್ಪು ನೀರು ಬಿಡೋದೂ ಈ 75 ದಾಟಿದ್ಮೇಲೇ. ಗೋಕರ್ಣದ ಹತ್ರ ಸಾಣಿಕಟ್ಟಾದಲ್ಲಿ ಮಾಡೋಂಥ ಹರಳುಪ್ಪಲ್ಲಿ ಮೆಗ್ನೀಶಿಯಂ ಉಪ್ಪೂ ಸೇರಿರೋದ್ರಿಂದ ಅದು ಇನ್ನೂ ಬೇಗ ನೀರಾಗುತ್ತೆ, ಅದು ಈ ಟೆಸ್ಟಿಗೆ ಬೇಡ.

ಕಪಾಟಿಗೆ ತೇವ ಹೀರೋ ಡಬ್ಬಿ ಇಡೋದಾದ್ರೆ ಬಾಗ್ಲು ಸರಿಯಾಗಿ ಮುಚ್ಚಿರ್ಬೇಕು, ಸಂದಿ ಇದ್ರೆ ಅದು ಅರಬ್ಬಿ ಸಮುದ್ರ ಒಣಗ್ಸೋಕೆ ಹೊರಟಂಗೆ. ಎಸಿ ಇದ್ರೆ ಡ್ರೈ ಮೋಡಲ್ಲಿ ಹಾಕಿ ಕಿಟಕಿ ಮುಚ್ಚಿ, ಪೈಪಲ್ಲಿ ನೀರು ತೊಟ್ಟಿಕ್ತಾ ಇದ್ರೆ ಕೆಲ್ಸ ಆಗ್ತಿದೆ ಅಂತ ಅರ್ಥ.