ಪಿಸ್ತೂಲಿನ ಕ್ಲಾಸ್ ಹುಡುಕಿದ ಕಥೆ

ಕೊಡಗಿನ ನಮ್ಮ ಮನೆಯಲ್ಲಿ ತಾತ ಕೋವಿ ಕೈಗೆತ್ತಿಕೊಂಡರೆ ಮೊದಲು ಅದನ್ನು ಮಡಚಿ ತೆರೆದು, ನಳಿಗೆಯೊಳಗೆ ಆಚೆಯ ಬೆಳಕು ಕಾಣುತ್ತದೆಯೇ ಅಂತ ನೋಡುತ್ತಿದ್ದರು. ಕೈಲ್ ಪೊಳ್ದ್ ದಿನ ಹೂವಿಟ್ಟು ಪೂಜೆಗೆ ಇಡುವಾಗಲೂ ಅಷ್ಟೇ, ನೋಡದೆ ಇಟ್ಟವರಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿ ಗಂಡ ಪಿಸ್ತೂಲು ತರುವ ಮಾತೆತ್ತಿದಾಗ ನಾನು ಬೇಡ ಅನ್ನಲಿಲ್ಲ. ಆದರೆ ಮನೆಯಲ್ಲಿ ಒಂಬತ್ತು ವರ್ಷದ ಮಗಳಿದ್ದಾಳೆ. ಮೊದಲು ಕಲಿಯೋಣ, ಆಮೇಲೆ ತರೋಣ ಅಂದೆ.

ಇಲ್ಲಿ ಪಿಸ್ತೂಲು ಕೊಳ್ಳಲು ಫೈರ್‌ಆರ್ಮ್ ಸೇಫ್ಟಿ ಸರ್ಟಿಫಿಕೇಟ್ ಬೇಕು. ಶುಲ್ಕ 25 ಡಾಲರ್, 30 ಪ್ರಶ್ನೆ, 23 ಸರಿಯಾದರೆ ಪಾಸ್. ಕೈಪಿಡಿ ಓದಿಕೊಂಡು ಹೋಗಿ ಪಾಸಾದೆ. ಅಲ್ಲಿಯವರೆಗೆ ನಾನು ಒಂದು ಪಿಸ್ತೂಲನ್ನೂ ಮುಟ್ಟಿರಲಿಲ್ಲ! ಕ್ಲಾಸ್ ಬೇಕೇ ಬೇಕು ಅಂತ ಗೊತ್ತಾದದ್ದು ಆವತ್ತು.

ನಾವು ಗ್ರೀನ್ ಕಾರ್ಡ್‌ನವರು. ಆದರೆ ಎಚ್-1ಬಿ ವೀಸಾದಲ್ಲಿರುವವರಿಗೆ ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ಬಂದೂಕು, ಗುಂಡು ಇಟ್ಟುಕೊಳ್ಳಲು ಫೆಡರಲ್ ಕಾನೂನು ಬಿಡುವುದಿಲ್ಲ. ಅಂಥವರು ದಯವಿಟ್ಟು ಕ್ಲಾಸಿಗೆ ಹೆಸರು ಕೊಡುವ ಮೊದಲೇ ವಕೀಲರನ್ನು ಕೇಳಿ.

ಮೊದಲು ಹೋದ ಕ್ಲಾಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ, ಕಲಿಸುವವರು ಒಬ್ಬರೇ. ಅವರು ತಮ್ಮ ಹಳೆಯ ಸಾಹಸಗಳನ್ನು ಹೇಳುತ್ತಾ, ‘ಇದು ಖಾಲಿ’ ಅಂತ ಪಿಸ್ತೂಲನ್ನು ಎತ್ತಿ ಆ ಕಡೆಯಿಂದ ಈ ಕಡೆಗೆ ತಿರುಗಿಸಿದರು. ಅದರ ಬಾಯಿ ನಮ್ಮೆಲ್ಲರ ಎದೆಯ ಮೇಲೆ ಹಾದುಹೋಯಿತು. ತಾತನ ಮುಂದೆ ಹಾಗೆ ಮಾಡಿದ್ದರೆ ಕೋವಿ ಕಿತ್ತುಕೊಂಡು ಅಂಗಳಕ್ಕೆ ಅಟ್ಟುತ್ತಿದ್ದರು. ಕಟ್ಟಿದ ಹಣ ಹೋದರೆ ಹೋಗಲಿ ಅಂತ ಬಿಡುವಿನ ಹೊತ್ತಿಗೆ ಎದ್ದು ಬಂದೆ.

ಮುಂದಿನ ಸಲ ಫೋನ್ ಮಾಡಿ ಕೇಳಿದೆ: ಎಷ್ಟು ಜನ? ಗುಂಡು ಹೊಡೆಯುವಾಗ ಒಬ್ಬ ಕಲಿಸುವವರಿಗೆ ಎಷ್ಟು ಮಂದಿ? ಯಾವ ಪಿಸ್ತೂಲಿನಿಂದ ಶುರು? ಪಾಠದ ಕೋಣೆಗೆ ಗುಂಡು ತರಲು ಬಿಡುತ್ತೀರಾ? ಒಬ್ಬ ಮಹಿಳೆ ಬೇಸರಿಸದೆ ಉತ್ತರ ಕೊಟ್ಟರು. ಆರು ಜನ, ಇಬ್ಬರಿಗೆ ಒಬ್ಬರು, ಸಣ್ಣ ಗುಂಡಿನ .22 ಕ್ಯಾಲಿಬರ್, ಕೋಣೆಯೊಳಗೆ ಒಂದೇ ಒಂದು ಗುಂಡೂ ಇಲ್ಲ. ಅಲ್ಲಿಗೇ ಸೇರಿದೆ.

ಮೊದಲ ಒಂದು ಗಂಟೆ ಪಿಸ್ತೂಲು ಖಾಲಿ ಮಾಡುವುದೇ ಪಾಠ. ಮೊದಲು ಮ್ಯಾಗಜಿನ್, ಅಂದರೆ ಗುಂಡು ತುಂಬಿದ ಡಬ್ಬಿ, ತೆಗೆಯಬೇಕು, ಆಮೇಲೆ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗ, ಹಿಂದಕ್ಕೆ ಎಳೆಯಬೇಕು. ಹಿಂದುಮುಂದಾದರೆ ಒಳಗಿದ್ದ ಗುಂಡು ಹೊರಗೆ ಬೀಳುತ್ತದೆ, ನಾವು ಖಾಲಿಯಾಯಿತು ಅಂದುಕೊಳ್ಳುತ್ತೇವೆ, ಅಷ್ಟರಲ್ಲಿ ಮ್ಯಾಗಜಿನ್‌ನಿಂದ ಇನ್ನೊಂದು ಮೇಲೆ ಬಂದು ಕೂತಿರುತ್ತದೆ. ಸ್ಲೈಡ್ ಹಿಂದಕ್ಕೆ ನಿಲ್ಲಿಸಿ ಕಣ್ಣಲ್ಲಿ ನೋಡಿಸಿದರು, ಸಾಲದೆಂದು ಕಿರುಬೆರಳು ಹಾಕಿ ಮುಟ್ಟಿಸಿದರು. ತಾತನ ಕೋವಿಯಲ್ಲಿ ಬೆಳಕು ನೋಡಿದರೆ ಸಾಕಿತ್ತು, ಇದರಲ್ಲಿ ಬೆರಳೇ ಸಾಕ್ಷಿ. ಸ್ಲೈಡ್ ಎಳೆಯಲು ಆಗದೆ ನಾನು ಒದ್ದಾಡುವಾಗ ‘ಹೆಂಗಸರಿಗೆ ಸ್ಲೈಡ್ ಇಲ್ಲದ ರಿವಾಲ್ವರ್ ವಾಸಿ’ ಅಂತ ಅವರು ಹೇಳಲಿಲ್ಲ. ಎಡಗೈಯಲ್ಲಿ ಸ್ಲೈಡ್ ಗಟ್ಟಿಯಾಗಿ ಹಿಡಿದು ಬಲಗೈಯಿಂದ ಪಿಸ್ತೂಲನ್ನೇ ಮುಂದಕ್ಕೆ ತಳ್ಳಿಸಿದರು. ಬಂತು!

ಗುಂಡು ಹೊಡೆಯುವ ರೇಂಜಿನಲ್ಲಿ ಸದ್ದು ತಡೆಯಲು ಕಿವಿಯೊಳಗೆ ಫೋಮ್, ಅದರ ಮೇಲೆ ಕಿವಿ ಮುಚ್ಚುವ ಮಫ್. ಕುತ್ತಿಗೆ ಮುಚ್ಚುವ ಅಂಗಿ ಹಾಕಿಕೊಂಡು ಬನ್ನಿ ಅಂದದ್ದು ಯಾಕೆಂದು ಪಕ್ಕದವರ ಸುಡುವ ಖಾಲಿ ತೋಟಾ ಹಾರಿ ನನ್ನ ಕಾಲರಿಗೆ ಬಡಿದಾಗ ಅರ್ಥವಾಯಿತು. ನಡುವೆ ನನಗೆ ತಿಳಿಯದಂತೆ ಮ್ಯಾಗಜಿನ್‌ನಲ್ಲಿ ಒಂದು ಸಿಡಿಯದ ಡಮ್ಮಿ ಗುಂಡು ಸೇರಿಸಿದ್ದರು. ಟ್ರಿಗರ್ ಒತ್ತಿದೆ, ಬರೀ ‘ಟಕ್’ ಅಂತು. ಸದ್ದೇ ಇಲ್ಲದಿದ್ದರೂ ಪಿಸ್ತೂಲಿನ ಮೂತಿ ಎರಡು ಇಂಚು ಕೆಳಗೆ ಬಾಗಿತ್ತು. ಸದ್ದಿಗೆ ಮೊದಲೇ ನನ್ನ ಕೈ ಹೆದರುತ್ತಿದೆ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಮುಗಿದ ಮೇಲೆ ಸೀಸದ ಪುಡಿ ಹೋಗಲೆಂದು ತಣ್ಣೀರು, ಸೋಪಿನಲ್ಲಿ ಕೈ ತೊಳೆಸಿಯೇ ಕಳಿಸಿದರು.

ಮನೆಗೆ ಬಂದು ಟಿವಿ ರಿಮೋಟನ್ನೇ ಪಿಸ್ತೂಲೆಂದು ಹಿಡಿದು ಗಂಡನಿಗೆ ಇಷ್ಟನ್ನೂ ತೋರಿಸಿದೆ. ಅವರು ಮುಂದಿನ ಶನಿವಾರದ ಬ್ಯಾಚಿಗೆ ಹೆಸರು ಕೊಟ್ಟಿದ್ದಾರೆ. ಬೀಗದ ಪೆಟ್ಟಿಗೆ ಬಂದಿದೆ, ಪಿಸ್ತೂಲು ಇನ್ನೂ ಕೊಂಡಿಲ್ಲ.