ಆರ್‌ಎಕ್ಸ್-8 ತೆಗೆದುಕೊಳ್ಳುವ ಮೊದಲು ಪುಸ್ ಪುಸ್ ಕೇಳು

ಶಾರ್ಜಾದಲ್ಲಿರುವ ಅಕ್ಕನ ಮಗ ಮೊನ್ನೆ ಫೋನ್ ಮಾಡಿದ. "ಮಾವ, ಮಾಜ್ದಾ ಆರ್‌ಎಕ್ಸ್-8 ಹಳೆ ಕಾರು ಒಂದು ಅಗ್ಗಕ್ಕೆ ಸಿಗ್ತದೆ, ತೆಕ್ಕೊಳ್ಳಲಾ?" ಈಗ ಕುಂಬಳೆಯ ನನ್ನ ಗ್ಯಾರೇಜಿಗೆ ಬರುವುದೆಲ್ಲ ಆಟೋ, ಪಿಕಪ್, ಕಂಗಿಗೆ, ಅಂದರೆ ಅಡಿಕೆ ಮರಕ್ಕೆ, ಮದ್ದು ಬಿಡುವ ಪಂಪು. ಆದರೆ ಹಿಂದೆ ಶಾರ್ಜಾದಲ್ಲಿ ಹನ್ನೊಂದು ವರ್ಷ ಸ್ಪ್ಯಾನರ್ ಹಿಡಿದವ ನಾನು. ಅವನಿಗೆ ಹೇಳಿದ ಹಾಗೆಯೇ ಬರೆಯುತ್ತೇನೆ.

ಇದರಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಹೊಟ್ಟೆ ಉಬ್ಬಿದ ಸಮೋಸದಂಥ ಎರಡು ರೋಟರ್ ಒಳಗೆ ತಿರುಗುತ್ತವೆ, ಇದಕ್ಕೆ ರೋಟರಿ ಎಂಜಿನ್ ಅನ್ನುತ್ತಾರೆ. 1.3 ಲೀಟರಿನ ಪುಟ್ಟ ಎಂಜಿನ್, ಆರು ಗೇರಿನ ಗಾಡಿಯಲ್ಲಿ 9,000 ಆರ್‌ಪಿಎಂವರೆಗೆ ನಡುಗದೆ ಏರುತ್ತದೆ. ಆ ಹುಚ್ಚು ಹತ್ತಿದರೆ ಬಿಡುವುದಿಲ್ಲ. ಆದರೆ ರೋಟರಿನ ಮೂರು ಮೂಲೆಗೂ ಅಪೆಕ್ಸ್ ಸೀಲ್ ಎಂಬ ಪಟ್ಟಿ ಉಂಟು. ಸದಾ ಗೋಡೆಗೆ ಉಜ್ಜುವ ಅದು ಸವೆದರೆ ಎಂಜಿನ್ ಮುಗಿಯಿತು.

ಹಾಗಾಗಿ ಬಣ್ಣ, ಸೀಟು ಆಮೇಲೆ ನೋಡು. ಅರ್ಧ ಗಂಟೆ ಓಡಿಸಿ ಆಫ್ ಮಾಡು, ಒಂದು ಚಾ ಕುಡಿದು ಬಂದು ಸ್ಟಾರ್ಟ್ ಮಾಡು. ಬಿಸಿ ಎಂಜಿನಿನಲ್ಲಿ ಸೆಲ್ಫ್ ತುಂಬಾ ಹೊತ್ತು ತಿರುಗಿದರೆ ಕಂಪ್ರೆಷನ್, ಅಂದರೆ ಒಳಗೆ ಗಾಳಿ ಒತ್ತುವ ಬಲದ ಮೇಲೆ ಸಂಶಯ ಪಡು. ಮಾರುವವ ತಪ್ಪನ್ನು ಬ್ಯಾಟರಿಯ ಮೇಲೆ ಹಾಕುತ್ತಾನೆ.

ಆಮೇಲೆ ಎಂಜಿನಿಗೆ ಪೆಟ್ರೋಲ್ ಕಳಿಸುವ ಪಂಪಿನ ಫ್ಯೂಸ್, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಕನೆಕ್ಷನ್ ತೆಗೆಸಿ, ಒಂದೊಂದು ರೋಟರಿನ ಕೆಳಗಿನ ಪ್ಲಗ್ ಬಿಚ್ಚಿ, ಸೆಲ್ಫ್ ಹೊಡೆಸಿ ಕಿವಿಗೊಡು. ಪುಸ್, ಪುಸ್, ಪುಸ್. ರೋಟರಿನ ಒಂದೊಂದು ಬದಿಗೆ ಒಂದು ಪುಸ್, ಮೂರೂ ಸಮ ಇರಬೇಕು. ಒಂದೇ ಸೀಲ್ ಹೋದರೂ ಎರಡು ಪುಸ್ ಸೊರಗುತ್ತವೆ, ಒಂದು ಮೂಲೆಗೆ ಎರಡು ಬದಿ ತಾಗಿಕೊಂಡಿರುತ್ತವಲ್ಲ. ಕಂಪ್ರೆಷನ್ ಅಳೆಯುವ ಸಾದಾ ಗೇಜ್ ಮೂರರಲ್ಲಿ ದೊಡ್ಡದನ್ನಷ್ಟೇ ಹಿಡಿದಿಟ್ಟು ಮೋಸ ಮಾಡುತ್ತದೆ. ರೋಟರಿಯ ಟೆಸ್ಟರ್ ಇರುವಲ್ಲಿಗೇ ಹೋಗು. ಸೆಲ್ಫ್ ಎಂಜಿನನ್ನು 250 ಆರ್‌ಪಿಎಂನಲ್ಲಿ ತಿರುಗಿಸುವ ಲೆಕ್ಕಕ್ಕೆ 680 ಕಿಲೋಪಾಸ್ಕಲ್‌ಗಿಂತ ಕೆಳಗೆ ತೋರಿಸಿದರೆ ಎಂಜಿನ್ ಬಿಚ್ಚುವ ಖರ್ಚನ್ನೂ ಬೆಲೆಗೆ ಸೇರಿಸಿಕೋ.

ಎಂಜಿನ್ ಆಯಿಲ್ ಕುಡಿಯುತ್ತದೆ ಅಂತ ಹೆದರಬೇಡ. ಸೀಲ್ ಒಣಗದಿರಲೆಂದು ಎಂಜಿನೇ ಅಷ್ಟಷ್ಟು ಒಳಗೆ ಬಿಡುತ್ತದೆ. ಪೆಟ್ರೋಲ್ ಹಾಕಿಸುವಾಗ ಆಯಿಲ್ ಎಷ್ಟುಂಟೆಂದು ಡಿಪ್‌ಸ್ಟಿಕ್ ಎಳೆದು ನೋಡು. ಮೈಲೇಜ್ ಮಾತ್ರ ಕೇಳಲೇಬೇಡ, ರೋಟರಿಗೂ ಗೋಡೆಗೂ ನಡುವಿನ ಆ ಉದ್ದ ಚಪ್ಪಟೆ ಜಾಗದಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುವುದೇ ಇಲ್ಲ.

ಇನ್ನೊಂದು, ನಾನೇ ಮರ್ಯಾದೆ ಕಳೆದುಕೊಂಡದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ತೊಳೆಯಲೆಂದು ತಣ್ಣಗಿದ್ದ ಆರ್‌ಎಕ್ಸ್-8 ಅನ್ನು ಹತ್ತು ಅಡಿ ಹಿಂದೆ ತೆಗೆದು ಆಫ್ ಮಾಡಿದೆ. ಮರುದಿನ ಓನರ್ ಬಂದರೆ ಸ್ಟಾರ್ಟೇ ಇಲ್ಲ. ಒಳಗೆ ಪೆಟ್ರೋಲ್ ತುಂಬಿ ಸೀಲಿನ ಎಣ್ಣೆ ತೊಳೆದುಹೋಗಿತ್ತು. ಸ್ಟಾರ್ಟ್ ಮಾಡಿದರೆ ಬಿಸಿಯಾಗುವವರೆಗೆ ಆಫ್ ಮಾಡಬೇಡ. ತಪ್ಪಿದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡಿ, ಆಗ ಪೆಟ್ರೋಲ್ ಬರುವುದಿಲ್ಲ. ಹತ್ತು ಸೆಕೆಂಡು ಹೊಡೆದು ಬಿಡು. ಆಗಲಿಲ್ಲವೋ, ಪ್ಲಗ್ ತೆಗೆದು ಒಣಗಿಸಿ, ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ನೋಡು. ಸ್ಟಾರ್ಟ್ ಆದಾಗ ಹೊಗೆ ಕಂಡು ಅಕ್ಕಪಕ್ಕದವರು ಓಡಿ ಬರುತ್ತಾರೆ, ಬರಲಿ.